ಗುಂಡಿಗೆ ತುಕ್ಕು ಹಿಡಿಯದು

ಕುಂದಾಪುರದ ಹೊಳೆದಂಡೆಯಲ್ಲಿ ನಿಂತು ಕೈ ಚಾಚಿ ತೋರಿಸಬಹುದಾದ ಊರು ಗಂಗೊಳ್ಳಿ. ನಡುವೆ ಪಂಚಗಂಗಾವಳಿ. ದೋಣಿಯಲ್ಲಿ ಹೊರಟರೆ ಬಾಯಲ್ಲಿರುವ ಎಲೆಯಡಿಕೆ ಮುಗಿಯುವುದರೊಳಗೆ ಆಚೆ ದಡ ಸಿಗುತ್ತದೆ. ರಸ್ತೆ ಹಿಡಿದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಎಂದು ಸುಮಾರು 15 ಕಿಲೋಮೀಟರ್ ಸುತ್ತು. ಈ ಸುತ್ತಿನ ದಾರಿಯಲ್ಲಿ ದೋಣಿಯನ್ನೇ ಜೀಪಿನ ಹಿಂದೆ ಕಟ್ಟಿಕೊಂಡು ಗಂಗೊಳ್ಳಿಗೆ ಹೋಗುವ ಮನುಷ್ಯ ಇಡೀ ತಾಲೂಕಿನಲ್ಲಿ ಒಬ್ಬನೇ. ಈಗ ನಿಮ್ಮ ಮುಂದೆ ಬರೆಯುತ್ತ ಕೂತಿರುವವನು ಅವನೇ.

ಈಚೆ ದಡದಲ್ಲಿ ದೋಣಿ ಇಳಿಸಲು ಜಾಗವಿಲ್ಲವೇ ಎಂದು ಕೇಳುತ್ತೀರಿ. ಇದೆ. ಆದರೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನನ್ನ ಹಳೆಯ ಸಾಲಗಾರರು ಬಲೆ ಹೆಣೆಯುತ್ತ ಕೂತಿರುತ್ತಾರೆ. ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ತಲೆ ನರೆಸಿಕೊಂಡವನು ನಾನು. ದೋಣಿಗೆ ಸಾಲ ಕೇಳಿ ಬಂದವರನ್ನೆಲ್ಲ ಕನ್ನಡಕದ ಮೇಲಿಂದ ನೋಡಿ, ‘ನಿಮಗೆ ಇಷ್ಟು ದೊಡ್ಡ ಎಂಜಿನ್ ಯಾಕೆ?’ ಎಂದು ಕೇಳಿ ಕೇಳಿ ನಿವೃತ್ತನಾದವನು. ಅಂಥವನು ಹೊಳೆಯ ನಡುವೆ ದೋಣಿಯನ್ನು ಅಡ್ಡ ತಿರುಗಿಸಿಕೊಂಡು ಕೂಗಿಕೊಳ್ಳುವುದನ್ನು ಅವರು ನೋಡುವುದು ಬೇಡ. ಗಂಗೊಳ್ಳಿ ಬದಿಯಲ್ಲಿ ಭಾವನ ತೆಂಗಿನ ತೋಟವಿದೆ. ತೋಟದ ತುದಿಯಲ್ಲಿ ನೀರಿಗಿಳಿಯುವ ಮುರಕಲ್ಲಿನ ಇಳಿಜಾರು. ಅಲ್ಲಿ ನೋಡುವುದಕ್ಕೆ ಇರುವವರು ಬೆಳ್ಳಕ್ಕಿಗಳು ಮತ್ತು ಭಾವ. ಭಾವನ ಕಣ್ಣಿಗೆ ಪೊರೆ.

ದೋಣಿ 14 ಅಡಿಯ ಫೈಬರಿನದು. ಗಾಳ ಹಾಕುವುದಕ್ಕೆಂದು ಕೊಂಡದ್ದು. ಅದರ ಟ್ರೇಲರ್ ಮಾತ್ರ ಅಪ್ಪಟ ಸ್ವದೇಶಿ: ಊರಿನ ವೆಲ್ಡಿಂಗ್ ಶೆಡ್ಡಿನ ಮೇಸ್ತ್ರಿ ಕಬ್ಬಿಣದ ಚಾನೆಲ್ ಕತ್ತರಿಸಿ, ಗುಜರಿಯಿಂದ ಯಾವುದೋ ಕಾರಿನ ಹಳೆಯ ಹಬ್ ಎರಡನ್ನು ಹೆಕ್ಕಿ ತಂದು ಮಾಡಿಕೊಟ್ಟದ್ದು. ಒಂದೊಂದು ಹಬ್ಬಿನೊಳಗೆ 6205 ಎಂಬ ಅಂಕಿಯ ಬೇರಿಂಗ್ ಎರಡೆರಡು. ಈ ಅಂಕಿಯ ಕೊನೆಯ 05 ಇದೆಯಲ್ಲ, ಅದನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಸಿಗುತ್ತದೆ, 25 ಮಿಲಿಮೀಟರ್. ಇದನ್ನು ಕಲಿತ ಮೇಲೆ ಮನೆಗೆ ಬಂದವರಿಗೆಲ್ಲ ಹೇಳತೊಡಗಿದೆ. ಬರುವವರು ಕಡಿಮೆಯಾದದ್ದು ಬೇರೆ ಕಾರಣಕ್ಕೆ ಎಂದು ನನ್ನ ನಂಬಿಕೆ.

ದೋಣಿ ಹೊರುವ ಗಾಡಿಯ ಕಷ್ಟವನ್ನು ಸ್ವಲ್ಪ ಹೇಳಬೇಕು. ಬೇರೆ ಯಾವ ಗಾಡಿಯ ಚಕ್ರವನ್ನೂ ಬೇಕೆಂದೇ ಯಾರೂ ಉಪ್ಪುನೀರಿನಲ್ಲಿ ಮುಳುಗಿಸುವುದಿಲ್ಲ. ದೋಣಿ ತೇಲಬೇಕಾದರೆ ಟ್ರೇಲರನ್ನು ಹಿಂದೆ ಹಿಂದೆ ಒತ್ತುತ್ತ ಹಬ್ ಮುಳುಗುವಷ್ಟು ಆಳಕ್ಕೆ ಇಳಿಸಬೇಕು. ಅಷ್ಟು ಹೊತ್ತು ರಸ್ತೆಯಲ್ಲಿ ಉರುಳಿ ಬಂದ ಹಬ್ ಬೆಚ್ಚಗಿರುತ್ತದೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ನೀರಿಗೆ ಬಿದ್ದ ಕ್ಷಣ ಅದು ತಣಿದು ಕುಗ್ಗುತ್ತದೆ, ಖಾಲಿಯಾದ ಜಾಗಕ್ಕೆ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಬ್ ತಾನಾಗಿಯೇ ನೀರು ಕುಡಿಯುತ್ತದೆ ಎಂದರೂ ಸರಿಯೇ. ಕಡಲ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬೇಸಿಗೆಯಲ್ಲಿ ನಮ್ಮ ಹೊಳೆಬಾಯಿಯ ನೀರೂ ಅದಕ್ಕೆ ಹೆಚ್ಚು ಕಡಿಮೆಯಿಲ್ಲ. ಒಳಗಿದ್ದ ಗ್ರೀಸು ತೆಂಗಿನಹಾಲಿನಂತೆ ಬೆಳ್ಳಗಾಗುತ್ತದೆ, ಉಕ್ಕು ಕೆಂಪಗಾಗುತ್ತದೆ, ಮೇಸ್ತ್ರಿಯ ಬಿಲ್ಲು ಉದ್ದವಾಗುತ್ತದೆ. ವರ್ಷಕ್ಕೊಮ್ಮೆ ಬೇರಿಂಗ್ ಬದಲಾಯಿಸುವುದು ನಮ್ಮ ಮನೆಯಲ್ಲಿ ಆಯುಧಪೂಜೆಯ ಒಂದು ಅಂಗವಾಗಿಬಿಟ್ಟಿತ್ತು.

ಹೀಗಿರುವಾಗ ಬೆಂಗಳೂರಿನಿಂದ ಅಳಿಯ ಬಂದ. ಅಕ್ಕನ ಮಗ. ಸೈಕಲ್ ತುಳಿಯುವ ಹುಚ್ಚು. ತುಳಿಯುವುದಕ್ಕಿಂತ ಹೆಚ್ಚಾಗಿ ಸೈಕಲ್ಲಿನ ಭಾಗಗಳನ್ನು ಕೊಳ್ಳುವ ಹುಚ್ಚು. ನನ್ನ ಹಬ್ ಬಿಚ್ಚಿ ಹರವಿದ್ದನ್ನು ನೋಡಿ, ಹಳೆಯ ಕಾಲದ ಬೀಸುಕಲ್ಲನ್ನು ಕಂಡವನ ಮುಖ ಮಾಡಿದ.

‘ಮಾವ, ಇನ್ನೂ ಸ್ಟೀಲ್ ಬೇರಿಂಗಾ? ಸೆರಾಮಿಕ್ ಹಾಕಿ. ತುಕ್ಕೇ ಹಿಡಿಯಲ್ಲ.’

ತುಕ್ಕೇ ಹಿಡಿಯಲ್ಲ! ಕರಾವಳಿಯವನ ಕಿವಿಯಲ್ಲಿ ಈ ಮಾತು ಹೇಗೆ ಮೊಳಗುತ್ತದೆ ಎಂಬುದು ಘಟ್ಟದ ಮೇಲಿನವರಿಗೆ ತಿಳಿಯದು. ನಮ್ಮಲ್ಲಿ ಗೇಟಿಗೆ ತುಕ್ಕು, ಕಿಟಕಿಯ ಸರಳಿಗೆ ತುಕ್ಕು, ಗೋಡೆಯೊಳಗಿನ ಕಂಬಿಗೂ ತುಕ್ಕು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು, ಹಳೆಯ ಅಭ್ಯಾಸದಂತೆ ಒಂದು ಯೋಜನಾ ವರದಿ ಬರೆದೆ. ಅರ್ಜಿದಾರ ನಾನೇ, ಪರಿಶೀಲನಾಧಿಕಾರಿ ನಾನೇ, ಮಂಜೂರು ಮಾಡುವವನೂ ನಾನೇ. ಬ್ಯಾಂಕಿನಲ್ಲಿ ಇಂಥ ಕಡತ ಸಿಕ್ಕಿದ್ದರೆ ಮೂವರನ್ನೂ ಅಮಾನತು ಮಾಡಿಸುತ್ತಿದ್ದೆ.

‘ತಾಂತ್ರಿಕ ಯೋಗ್ಯತೆ’ ಎಂಬ ಕಲಂ ತುಂಬಲು ನಾಲ್ಕು ಪುಟ ಬೇಕಾಯಿತು. ಸೆರಾಮಿಕ್ ಬೇರಿಂಗಿನ ಗುಂಡುಗಳು ಸಿಲಿಕಾನ್ ನೈಟ್ರೈಡಿನವು. ಒಂದು ಘನ ಸೆಂಟಿಮೀಟರಿನ ತೂಕ 3.2 ಗ್ರಾಂ, ಉಕ್ಕಿನದು 7.8. ವಿಕರ್ಸ್ ಅಳತೆಯಲ್ಲಿ ಗಟ್ಟಿತನ 1500ರ ಆಸುಪಾಸು, ಬೇರಿಂಗ್ ಉಕ್ಕಿನ ಎರಡು ಪಟ್ಟು. ಬಿಸಿಗೆ ಹಿಗ್ಗುವುದು ಉಕ್ಕಿನ ಮೂರನೇ ಒಂದು ಪಾಲಿನಷ್ಟೂ ಇಲ್ಲ. ವಿದ್ಯುತ್ ಹರಿಯಗೊಡದು. ನಾಸಾದ ಬಾಹ್ಯಾಕಾಶ ನೌಕೆಯ ಮುಖ್ಯ ಎಂಜಿನ್ನಿಗೆ ದ್ರವ ಆಮ್ಲಜನಕ ನೂಕುವ ಪಂಪಿನಲ್ಲಿ ಉಕ್ಕಿನ ಗುಂಡುಗಳು ಸವೆದು ಕಾಟ ಕೊಟ್ಟಾಗ, ಹೊಸ ಪಂಪಿಗೆ ಹಾಕಿದ್ದು ಇದೇ ಗುಂಡು. ಬಾಹ್ಯಾಕಾಶಕ್ಕೆ ಆದದ್ದು ಹೆಮ್ಮಾಡಿಗೆ ಆಗದೇ?

ಇತಿಹಾಸವನ್ನೂ ಸೇರಿಸಿದೆ. ರೋಮಿನ ಚಕ್ರವರ್ತಿ ಕ್ಯಾಲಿಗುಲಾ ನೇಮಿ ಎಂಬ ಸರೋವರದಲ್ಲಿ ಭಾರೀ ಹಡಗುಗಳನ್ನು ಕಟ್ಟಿಸಿದ್ದ. ಅವು ಮುಳುಗಿ, 1930ರ ಆಸುಪಾಸಿನಲ್ಲಿ ಸರೋವರದ ನೀರು ಬಸಿದು ಅವುಗಳನ್ನು ಹೊರತೆಗೆದಾಗ, ತಿರುಗುವ ಮರದ ವೇದಿಕೆಯೊಂದರ ಅಡಿಯಲ್ಲಿ ಕಂಚಿನ ಗುಂಡುಗಳು ಸಿಕ್ಕವು. ಎಂದರೆ ಬೇರಿಂಗಿಗೂ ಹಡಗಿಗೂ ಸುಮಾರು ಎರಡು ಸಾವಿರ ವರ್ಷದ ನಂಟು. ಅದು ಸಿಹಿನೀರಿನ ಕೆರೆ, ಹಡಗು ಅಲ್ಲಿಂದ ಎಲ್ಲಿಗೂ ಹೋಗುವುದಿರಲಿಲ್ಲ ಎಂಬ ವಿಷಯವನ್ನು ವರದಿಯಲ್ಲಿ ಕಾಣಿಸಲಿಲ್ಲ.

‘ಆರ್ಥಿಕ ಯೋಗ್ಯತೆ’ ಕಲಂನಲ್ಲಿ ಒಂದು ಗೆರೆ ಎಳೆದು ಬಿಟ್ಟೆ.

ಬೇರಿಂಗುಗಳು ಬಂದವು. ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಹೈಬ್ರಿಡ್’ ಎಂದಿತ್ತು. ಸಣ್ಣ ಅಕ್ಷರ ಓದದೆ ಸಹಿ ಹಾಕಬೇಡಿ ಎಂದು ಸಾವಿರಾರು ಜನರಿಗೆ ಹೇಳಿದವನು ನಾನು. ಓದಿದೆ. ಒಳ್ಳೆಯದೇ ಇರಬೇಕು ಎಂದುಕೊಂಡೆ. ಬಿಲ್ಲನ್ನು ಮಾತ್ರ ಭಗವದ್ಗೀತೆಯ ನಡುವೆ ಇಟ್ಟೆ. ಮನೆಯಲ್ಲಿ ಯಾರೂ ತೆರೆಯದ ಪುಸ್ತಕ ಅದೊಂದೇ.

ಮೇಸ್ತ್ರಿಯನ್ನು ಕರೆಯಲಿಲ್ಲ. ಬಾಹ್ಯಾಕಾಶದ ವಸ್ತುವನ್ನು ಎಣ್ಣೆ ಹಿಡಿದ ಕೈಗೆ ಕೊಡುವುದೇ? ಹಬ್ಬನ್ನು ಜಗಲಿಯಲ್ಲಿಟ್ಟು, ಬೇರಿಂಗನ್ನು ಅದರ ಬಾಯಿಗೆ ಕೂರಿಸಿ, ನಡುವಿನ ರಿಂಗಿನ ಮೇಲೆ ಒಂದು ಪೈಪಿನ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದೆ. ಹಬ್ಬಿನಲ್ಲಿ ಬಿಗಿಯಾಗಿ ಕೂರಬೇಕಾದದ್ದು ಹೊರ ರೇಸು, ಅಂದರೆ ಹೊರಗಿನ ರಿಂಗು. ಹೊಡೆಯುವುದಿದ್ದರೆ ಹೊರ ರೇಸಿಗೇ ಹೊಡೆಯಬೇಕು. ಒಳ ರೇಸಿಗೆ ಹೊಡೆದರೆ ಪೆಟ್ಟೆಲ್ಲ ಗುಂಡುಗಳ ಮೂಲಕ ಹಾದುಹೋಗುತ್ತದೆ. ಗುಂಡು ಉಕ್ಕಿಗಿಂತ ಎರಡು ಪಟ್ಟು ಗಟ್ಟಿ ಎಂದು ನಾಲ್ಕು ಪುಟ ಬರೆದವನಿಗೆ, ಹಾಗಾದರೆ ಕುಳಿ ಬೀಳುವುದು ಯಾವುದಕ್ಕೆ ಎಂದು ಕೇಳಿಕೊಳ್ಳಲು ಐದನೇ ಪುಟ ಇರಲಿಲ್ಲ. ಪ್ರತಿ ಏಟಿಗೂ ಟಣ್ ಎಂಬ ಶುಭ್ರವಾದ ನಾದ ಬರುತ್ತಿತ್ತು. ಗುಣಮಟ್ಟದ ಲಕ್ಷಣ ಎಂದು ಹೆಂಡತಿಗೆ ವಿವರಿಸಿದೆ.

‘ಹ್ವಾಯ್, ಆ ಲಕ್ಷಣ ಸ್ವಲ್ಪ ಮೆಲ್ಲ ಹೊಡಿನಿ, ಮಗು ಮನಿಕಂಡಿತ್ತ್’ ಎಂದಳು ಒಳಗಿನಿಂದ.

ಮೊದಲ ಸಲ ಚಕ್ರವನ್ನು ಕೈಯಿಂದ ತಿರುಗಿಸಿದಾಗಿನ ಸುಖವನ್ನು ಹೇಗೆ ಹೇಳಲಿ! ತಿರುಗಿತು, ತಿರುಗಿತು, ನಾನು ಕಾಫಿ ಕುಡಿದು ಬರುವಷ್ಟರಲ್ಲೂ ತಿರುಗುತ್ತಿತ್ತು. ಆ ಇಡೀ ವಾರ ಬಂದವರಿಗೆಲ್ಲ ತಿರುಗಿಸಿ ತೋರಿಸಿದೆ. ಗಾಡಿ ಗಾಳಿಯಲ್ಲಿ ಎತ್ತಿ ನಿಲ್ಲಿಸಿದ್ದಾಗ ಮಾತ್ರ ಈ ಗುಣ ಕಾಣುತ್ತದೆ, ದೋಣಿ ಹೊತ್ತಾಗ ಅಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದವರು ಹೇಳಲಿಲ್ಲ. ಇನ್ನು ಲೆಕ್ಕ ನೋಡಿದರೆ, ದೋಣಿ ಕಟ್ಟಿಕೊಂಡು ನಾನು ಜೀಪು ಓಡಿಸುವುದು ಗಂಟೆಗೆ 40 ಕಿಲೋಮೀಟರಿನಲ್ಲಿ. ಆ ವೇಗದಲ್ಲಿ ನನ್ನ ಚಕ್ರ ನಿಮಿಷಕ್ಕೆ 400 ಸುತ್ತು ಕೂಡ ತಿರುಗುವುದಿಲ್ಲ. ಈ ಗುಂಡುಗಳು ಹುಟ್ಟಿದ್ದು ನಿಮಿಷಕ್ಕೆ 20,000 ಸುತ್ತು ತಿರುಗುವ ಯಂತ್ರಗಳ ಸ್ಪಿಂಡಲ್‌ಗಳಿಗಾಗಿ. ಅಂಥ ವೇಗದಲ್ಲಿ ಗುಂಡು ಹಗುರವಿದ್ದಷ್ಟೂ ಹೊರಕ್ಕೆ ಒತ್ತುವ ಬಲ ಕಡಿಮೆ, ಬಿಸಿಯೂ ಕಡಿಮೆ. ಹಾಗೆಯೇ ವೇಗ ನಿಯಂತ್ರಿಸುವ ಇನ್ವರ್ಟರಿಗೆ ಕಟ್ಟಿದ ಮೋಟಾರುಗಳಲ್ಲಿ ಬೇರಿಂಗಿನ ಮೂಲಕ ಕಳ್ಳ ವಿದ್ಯುತ್ತು ಹಾದು ರೇಸನ್ನು ಸುಡದಂತೆ ತಡೆಯುವುದಕ್ಕೂ ಇವು ಬೇಕು. ನನ್ನ ದೋಣಿಗೆ ಎರಡೂ ರೋಗವಿರಲಿಲ್ಲ. ಔಷಧಿ ಮಾತ್ರ ಬಂದಿತ್ತು.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಮೀನು ಸಿಕ್ಕಿತೇ ಎಂದು ಕೇಳಬೇಡಿ, ವಿಷಯ ಬೇರಿಂಗು. ಚಕ್ರ ನೀರಿಗಿಳಿಸಿದಾಗ ಹಬ್ಬಿನ ಸುತ್ತ ಗುಳುಗುಳು ಗುಳ್ಳೆಗಳು ಏಳುತ್ತಿದ್ದವು. ದಡದಲ್ಲಿದ್ದ ಭಾವ, ಪೊರೆಯ ಕಣ್ಣಿನ ಭಾವ, ‘ಗುಳ್ಳೆ ಬತ್ತ್ ಇತ್ತಲ್ದಾ?’ ಎಂದ. ನನಗೆ ಕಾಣಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನನ್ನ ದೋಣಿ ಆ ಕಾನೂನಿನ ಲೆಕ್ಕಕ್ಕೇ ಬರುವಂಥದ್ದಲ್ಲ. ಆದರೆ ಮೀನುಗಾರರ ಜೊತೆ ನಾನೂ ನಿಷೇಧಕ್ಕೆ ಒಳಗಾಗುವುದರಲ್ಲಿ ಒಂದು ಘನತೆ ಇದೆ. ಟ್ರೇಲರನ್ನು ಹಿತ್ತಲಿನ ಮಾಡಿನ ಕೆಳಗೆ ನಿಲ್ಲಿಸಿದೆ. ಹೊರಗೆ ಮಳೆ ಹುಯ್ಯುತ್ತಿತ್ತು, ಹಬ್ಬಿನೊಳಗೆ ಬೇಸಿಗೆಯ ಉಪ್ಪುನೀರು ನಿಶ್ಚಿಂತೆಯಿಂದ ಕೂತು ತನ್ನ ಕೆಲಸ ಮಾಡುತ್ತಿತ್ತು.

ಆಗಸ್ಟಿನ ಮೊದಲ ಬಿಸಿಲಿಗೆ ಹೊರಟೆ. ಮನೆಯ ಗೇಟು ದಾಟುವಾಗಲೇ ಹಿಂದಿನಿಂದ ಗುರ್ ಎಂಬ ಸದ್ದು. ಮಳೆಗಾಲದ ಬಿಗಿತ, ಬಿಟ್ಟೀತು ಎಂದುಕೊಂಡೆ. ತಲ್ಲೂರು ದಾಟುವಾಗ ಗುರ್ ಹೋಗಿ ಗರಗರ ಆಯಿತು. ರೇಡಿಯೊ ಜೋರು ಮಾಡಿದೆ. ಹೆಮ್ಮಾಡಿಯ ಹತ್ತಿರ, ಮಳೆಗಾಲ ಹೆದ್ದಾರಿಗೆ ಕೊಟ್ಟು ಹೋದ ಹೊಂಡವೊಂದಕ್ಕೆ ಎಡಚಕ್ರ ಇಳಿಯಿತು. ಏಳುವಾಗ ಚಕ್ರ ಓರೆಯಾಗಿ ಎದ್ದಿತು. ಕನ್ನಡಿಯಲ್ಲಿ ನೋಡಿದರೆ ದೋಣಿ ಒಂದು ಬದಿಗೆ ವಾಲಿ ನನ್ನನ್ನೇ ಹಿಂದಿಕ್ಕಲು ನೋಡುತ್ತಿತ್ತು.

ಹೆದ್ದಾರಿಯ ಬದಿಯಲ್ಲಿ ಮುಳುಗುವ ಭಂಗಿಯಲ್ಲಿ ನಿಂತ ದೋಣಿ ಎಷ್ಟು ಜನರನ್ನು ಸೇರಿಸಬಲ್ಲದು ಎಂಬ ಅಂದಾಜು ನನಗಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್, ‘ಮೆನೇಜರ್ರೆ, ಹೊಳೆ ಇನ್ನೂ ಮುಂದ್ ಇತ್ತ್!’ ಎಂದು ಕೂಗಿ ಡಬಲ್ ವಿಷಲ್ ಹೊಡೆದ. ನನ್ನ ಸಾಲಗಾರರಲ್ಲಿ ಇಬ್ಬರು ಬೈಕಿನಲ್ಲಿ ಬಂದರು. ಯಾರ ಕಣ್ಣು ತಪ್ಪಿಸಲು ಇಷ್ಟು ವರ್ಷ ಈ ದಾರಿ ಸುತ್ತಿದೆನೋ ಅವರೇ. ‘ಕುಂದಾಪ್ರದಗೆ ಇಳ್ಸಿದ್ರೆ ಇಷ್ಟೊತ್ತಿಗ್ ಗಂಗೊಳ್ಳಿಯಂಗ್ ಇರ್ತಿದ್ರಿ’ ಎಂದು ಒಬ್ಬ ಬಹಳ ವಿನಯದಿಂದ ಹೇಳಿದ. ಅವನ ಸಾಲದ ಕಂತು ಒಂದು ಸಲವೂ ತಪ್ಪಿರಲಿಲ್ಲ, ಬಯ್ಯಲು ಆಧಾರವಿರಲಿಲ್ಲ.

ಮೇಸ್ತ್ರಿ ಬಂದು ಹಬ್ ಎಳೆದ. ಬೇರಿಂಗು ಬೇರಿಂಗಾಗಿ ಬರಲಿಲ್ಲ. ಮೊದಲು ಕೆಂಪು ನೀರು ಬಂತು, ಆಮೇಲೆ ಗುಂಡುಗಳನ್ನು ಹಿಡಿದಿಡುವ ಕೇಜಿನ ಹರಿದ ಚೂರುಗಳು, ಆಮೇಲೆ ಕರ್ರಗೆ ಮಿಂಚುವ ಗುಂಡುಗಳು ಒಂದೊಂದಾಗಿ ಡಾಂಬರಿನ ಮೇಲೆ ಉರುಳಿದವು. ನಾನು ಮೊಣಕಾಲೂರಿ ಅವನ್ನು ಹೆಕ್ಕಿದೆ. ಒಂದಕ್ಕೂ ಕಲೆಯಿಲ್ಲ, ಗೀರಿಲ್ಲ. ಮೇಸ್ತ್ರಿ ಒಂದನ್ನು ಬೆರಳ ನಡುವೆ ತಿರುಗಿಸಿ ನೋಡಿದ, ಹೊರ ರೇಸಿನ ಒಳಮೈಯನ್ನು ಉಗುರಿನಿಂದ ಕೆರೆದ. ಒಂದು ಹಾಳೆ ಉಕ್ಕು ಕೈಗೆ ಬಂತು.

‘ಗುಂಡ್ ಗಟ್ಟಿ ಇತ್ತ್ ಮೆನೇಜರ್ರೆ. ಗುಂಡ್ ಓಡು ದಾರಿಯೇ ಇಲ್ಲ, ಕಾಣಿ.’

ಹೈಬ್ರಿಡ್ ಎಂದರೆ ಇಷ್ಟೇ: ಗುಂಡು ಮಾತ್ರ ಸೆರಾಮಿಕ್. ಒಳ ರೇಸು, ಹೊರ ರೇಸು ಎರಡೂ ಎಂದಿನ ಕ್ರೋಮ್ ಉಕ್ಕು. ಅದರಲ್ಲಿರುವ ಕ್ರೋಮಿಯಂ ನೂರಕ್ಕೆ ಒಂದೂವರೆ ಪಾಲು. ತುಕ್ಕು ತಡೆಯಲು ಅದು ಯಾವ ಮೂಲೆಗೂ ಸಾಲದು. ತುಕ್ಕಿನ ಕುಳಿಗಳ ಮೇಲೆ ಆ ಅಚಲ ಗುಂಡು ಓಡಿದೆ. ಉಕ್ಕಿನ ಗುಂಡಾಗಿದ್ದರೆ ಭಾರ ಬಿದ್ದಾಗ ತಾನೂ ಕೂದಲೆಳೆಯಷ್ಟು ಚಪ್ಪಟೆಯಾಗಿ ಭಾರವನ್ನು ಸ್ವಲ್ಪ ಅಗಲಕ್ಕೆ ಹಂಚುತ್ತಿತ್ತು. ಇದು ಮಣಿಯುವ ಜಾತಿಯದಲ್ಲ. ಹೊಂಡದ ಪೆಟ್ಟನ್ನೆಲ್ಲ ಇನ್ನೂ ಚಿಕ್ಕ ಬಿಂದುವಿನಲ್ಲಿ ರೇಸಿಗೆ ಚುಚ್ಚುತ್ತದೆ. ಸೀಲಿನ ಕಥೆ ಇನ್ನೂ ಚೆಂದ. ವೇಗದ ಯಂತ್ರಕ್ಕೆಂದು ಮಾಡಿದ ಬೇರಿಂಗಾದ್ದರಿಂದ, ಉಜ್ಜಾಟ ಬೇಡವೆಂದು ಸೀಲು ರೇಸನ್ನು ಮುಟ್ಟದೆ ಸಣ್ಣ ಸಂದಿ ಬಿಟ್ಟಿರುತ್ತದೆ. ಚಕ್ರ ಅಷ್ಟು ಹೊತ್ತು ತಿರುಗಿದ್ದು ಯಾಕೆಂದು ಆಗ ಗೊತ್ತಾಯಿತು. ಪಂಚಗಂಗಾವಳಿಗೆ ಬಾಗಿಲು ತೆಗೆದಿಟ್ಟಿತ್ತು.

ಉಳಿದ ಮೂರನ್ನೂ ಬಿಚ್ಚಿಸಿದೆ. ಅವುಗಳಲ್ಲಿ ತುಕ್ಕಿನ ಜೊತೆಗೆ, ರೇಸಿನ ಸುತ್ತಲೂ ಸಮ ಅಂತರದಲ್ಲಿ ಒಂಬತ್ತು ಚುಕ್ಕೆಗಳಿದ್ದವು. ಮೇಸ್ತ್ರಿ ಅದನ್ನು ದೀರ್ಘವಾಗಿ ನೋಡಿ, ನನ್ನನ್ನೂ ದೀರ್ಘವಾಗಿ ನೋಡಿ, ‘ಸುತ್ಗಿ ಯಾರ್ ಹಿಡ್ದದ್?’ ಎಂದ. ಚುಕ್ಕೆಯೊಂದಕ್ಕೆ ಗುಂಡೊಂದು, ನನ್ನ ಟಣ್ ನಾದದ ಸ್ವರಲಿಪಿ.

ಇಷ್ಟಾದರೂ ಅಳಿಯನಿಗೆ ಫೋನು ಮಾಡಿದೆ. ‘ಹಾಗಾದ್ರೆ ಫುಲ್ ಸೆರಾಮಿಕ್ ತಗೊಳ್ಳಿ ಮಾವ, ರೇಸೂ ಸೆರಾಮಿಕ್ಕೇ’ ಎಂದ. ನಾಚಿಕೆಯಿಲ್ಲದೆ ಅದನ್ನೂ ವಿಚಾರಿಸಿದೆ. ಅಂಥದ್ದಿದೆ, ಉಪ್ಪುನೀರಿನಲ್ಲಿ ತುಕ್ಕೂ ಹಿಡಿಯದು. ಭಾರ ಕಡಿಮೆಯಿರುವ, ಪೆಟ್ಟು ಬೀಳದ ಕಡೆ ಅದರ ಬಾಳಿಕೆ ನಿಜ. ಕಡಲನೀರು ಎತ್ತುವ ಪಂಪುಗಳ ಸೀಲಿನಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಇನ್ನೊಂದು ಸೆರಾಮಿಕ್ ಹಗಲಿರುಳು ದುಡಿಯುತ್ತದೆ. ಆದರೆ ಸೆರಾಮಿಕ್ ರೇಸು ಹೊಂಡಕ್ಕೆ ಬಿದ್ದರೆ ತಗ್ಗುವುದಿಲ್ಲ, ಒಡೆಯುತ್ತದೆ. ಉಕ್ಕು ಹಾಳಾಗುವ ಮುಂಚೆ ಗುರ್ ಎಂದಾದರೂ ಹೇಳುತ್ತದೆ. ಹೆಮ್ಮಾಡಿಯ ಹೊಂಡವನ್ನು ನೆನೆದು ಫೋನು ಇಟ್ಟೆ. ಬೆಲೆ ಕೇಳಿದ ಮೇಲೆಯೇ ಇಟ್ಟದ್ದು ಎಂಬುದೂ ನಿಜ.

ನಿದ್ದೆ ಬಾರದ ರಾತ್ರಿಗಳ ಓದು ಈ ಸಲ ಬೇರೆ ದಿಕ್ಕಿಗೆ ಹೋಯಿತು. ಹಡಗಿನ ಹಿಂಭಾಗದಲ್ಲಿ, ನೀರಿನೊಳಗೇ, ಪ್ರೊಪೆಲರಿನ ದಂಡವನ್ನು ಹೊತ್ತುಕೊಂಡಿರುವ ಬೇರಿಂಗು ಇದೆಯಲ್ಲ, ಅದನ್ನು ಉಗಿಹಡಗುಗಳ ಕಾಲದಲ್ಲಿ ಮರದಿಂದ ಮಾಡುತ್ತಿದ್ದರು. 1850ರ ದಶಕದಲ್ಲಿ ಜಾನ್ ಪೆನ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಂಡುಕೊಂಡ ಉಪಾಯ. ಲಿಗ್ನಮ್ ವಿಟೇ ಎಂಬ, ನೀರಿನಲ್ಲಿ ಮುಳುಗುವಷ್ಟು ಭಾರದ ಮರ. ಒಳಗೇ ರಾಳವಿದೆ, ಕಡಲ ನೀರೇ ಅದಕ್ಕೆ ಜಾರೆಣ್ಣೆ. ಅಮೆರಿಕದ ಮೊದಲ ಅಣುಶಕ್ತಿ ಜಲಾಂತರ್ಗಾಮಿ ನಾಟಿಲಸ್‌ಗೂ ಇದೇ ಮರ ಹಾಕಿದ್ದರು. ಈಗ ಎಷ್ಟೋ ದೋಣಿಗಳಲ್ಲಿ ಆ ಜಾಗಕ್ಕೆ ಹಿತ್ತಾಳೆಯ ಕೊಳವೆಯೊಳಗೆ ರಬ್ಬರಿನ ಪಟ್ಟಿಗಳು, ನಡುವೆ ನೀರು ಹರಿಯುವ ಕಾಲುವೆ. ನೀರನ್ನು ಹೊರಗಿಡಲು ನಾನು ಬಾಹ್ಯಾಕಾಶದವರೆಗೆ ಹೋದೆ. ಹಡಗಿನವರು ಒಳಗೆ ಬಾ ಎಂದು ಕರೆದು ಕೆಲಸಕ್ಕೆ ಹಚ್ಚಿದ್ದಾರೆ.

ಟ್ರೇಲರಿಗೆ ಮರ ಹಾಕಬಹುದೇ ಎಂದು ಮೇಸ್ತ್ರಿಯನ್ನು ಕೇಳಿದೆ. ಅವನು ಉತ್ತರಿಸಲಿಲ್ಲ. ಟೇಪರ್ ಬೇರಿಂಗ್ ತೆಗೆದು ಮೇಜಿನ ಮೇಲಿಟ್ಟ. ಗುಂಡಿನ ಬದಲು ಓರೆಯಾದ ರೋಲರುಗಳು; ಬಿಂದುವಿನಲ್ಲಲ್ಲ, ಗೆರೆಯುದ್ದಕ್ಕೂ ಭಾರ ಹೊರುತ್ತವೆ. ತಿರುವಿನಲ್ಲಿ ಅಡ್ಡ ಬೀಳುವ ಒತ್ತಡವನ್ನೂ ತಾಳುತ್ತವೆ. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕನ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಅವನು ಕುದುರೆಗಾಡಿ ಮಾಡುತ್ತಿದ್ದವನು, ಅಂದರೆ ಹೊಂಡದ ರಸ್ತೆಯ ಸಂಗತಿ ಬಲ್ಲವನು. ಬೆಲೆ ಕೇಳಿದೆ. ಮೇಸ್ತ್ರಿ ಹೇಳಿದ. ಭಗವದ್ಗೀತೆಯಲ್ಲಿರುವ ಬಿಲ್ಲು ನೆನಪಾಗಿ ಕುರ್ಚಿ ಕೇಳಿದೆ.

ಹಬ್ಬು ಬದಲಾಯಿತು, ಎರಡು ತುಟಿಯ ಸೀಲು ಬಂತು, ಉಪ್ಪುನೀರಿಗೆ ಕರಗದ ಗ್ರೀಸು ತುಂಬಿತು. ಹಬ್ಬಿನ ಬಾಯಿಗೆ ಸ್ಪ್ರಿಂಗಿನ ಮುಚ್ಚಳ. ಒಳಗಿನ ಗ್ರೀಸನ್ನು ಸದಾ ಸ್ವಲ್ಪ ಒತ್ತಿ ಹಿಡಿದು ನೀರಿಗೆ ಎಡೆ ಕೊಡದಂಥದ್ದು. ತೋಟಕ್ಕೆ ಹೋದ ಕೂಡಲೇ ಗಾಡಿ ಇಳಿಸಬಾರದು, ಹಬ್ ತಣಿಯುವವರೆಗೆ ಭಾವನ ಮನೆಯಲ್ಲಿ ಚಾ ಕುಡಿಯಬೇಕು, ಬಂದ ಮೇಲೆ ಬಾವಿ ನೀರಿನಲ್ಲಿ ಚಕ್ರ ತೊಳೆಯಬೇಕು ಎಂದು ಮೇಸ್ತ್ರಿಯ ಆಜ್ಞೆ. ಭಾವನ ಚಾಕ್ಕೆ ಸಕ್ಕರೆ ಹೆಚ್ಚು. ಬೇರಿಂಗಿನ ಆರೋಗ್ಯಕ್ಕೆ ನನ್ನದನ್ನು ಒತ್ತೆಯಿಟ್ಟಿದ್ದೇನೆ.

ಬಿಲ್ಲಿನ ಗುಟ್ಟು ಉಳಿಯಲಿಲ್ಲ. ಆಸಾಡಿಯ ಮಳೆಗೆ ಮನೆಯೊಳಗೇ ಕೂತ ಹೆಂಡತಿಗೆ ಎಂದೂ ಇಲ್ಲದ ಭಕ್ತಿ ಬಂದು ಗೀತೆ ತೆರೆದಳು. ನಾನು ನಿರೀಕ್ಷಿಸಿದ ಮಹಾಯುದ್ಧ ನಡೆಯಲಿಲ್ಲ. ಹೆಕ್ಕಿ ತಂದ ಗುಂಡುಗಳನ್ನು ತೊಳೆದು ಒರೆಸಿ, ಅಟ್ಟದಿಂದ ಅತ್ತೆಯ ಕಾಲದ ಚೆನ್ನೆಮಣೆ ಇಳಿಸಿದಳು. ಹಳೆಯ ಮಂಜೊಟ್ಟಿ ಕಾಳುಗಳೆಲ್ಲ ಎಂದೋ ಕಳೆದುಹೋಗಿದ್ದವು. ಸೆರಾಮಿಕ್ ಗುಂಡಿನ ಅಡ್ಡಳತೆ ಹೆಚ್ಚು ಕಡಿಮೆ 8 ಮಿಲಿಮೀಟರ್, ಮಂಜೊಟ್ಟಿಯದೂ ಅಷ್ಟೇ. ಬೇರಿಂಗಿಗೆ ಒಂಬತ್ತರಂತೆ 36 ಗುಂಡು. ಮೊಮ್ಮಗಳನ್ನು ಎದುರು ಕೂರಿಸಿಕೊಂಡು ಮನೆಗೆ ನಾಲ್ಕರಂತೆ ಹಾಕುತ್ತ ಹೋದಳು. ಒಂಬತ್ತು ಮನೆ ತುಂಬಿತು. ಚೆನ್ನೆಮಣೆಗೆ ಹದಿನಾಲ್ಕು ಮನೆ.

‘ಹ್ವಾಯ್, ಇನ್ನೂ 20 ಬೇಕಲೆ’ ಎಂದಳು.

ಇಪ್ಪತ್ತು ಗುಂಡಿಗೆ ಮೂರು ಬೇರಿಂಗು ಬೇಕಾಗುತ್ತದೆ, ಏಳು ಗುಂಡು ಉಳಿಯುತ್ತದೆ. ಬೆಲೆಯನ್ನು ಮನಸ್ಸಿನಲ್ಲೇ ಗುಣಿಸಿ, ‘ಹುಣಸೆಬೀಜ ಆತಿಲ್ಲೆಯಾ?’ ಎಂದು ಕೇಳಿದೆ.